ಮೇಜಿಗೆ ಪೂರ್ತಿ ಅಂಕ, ಸದ್ದಿಗೆ ಜಸ್ಟ್ ಪಾಸ್: ನಮ್ಮ ಕಚೇರಿಯನ್ನು ಹೊಸದು ಮಾಡಿಕೊಟ್ಟವರ ಬಗ್ಗೆ

ಕಚೇರಿ ಹೊಸದಾದ ವಾರದಲ್ಲೇ ವಿಮರ್ಶೆ ಬರೆದರೆ ಅದು ಬಣ್ಣದ ವಿಮರ್ಶೆ ಆಗುತ್ತದೆ. ಹೊಸ ಕಾರ್ಪೆಟ್, ಹೊಸ ಕುರ್ಚಿ, ಎಲ್ಲವೂ ಚೆನ್ನಾಗೇ ಕಾಣುತ್ತದೆ. ಅದಕ್ಕೇ ಬೇಕಂತಲೇ ತಡ ಮಾಡಿದೆ. ಈ ನಡುವೆ ವರ್ಷದ ಲೆಕ್ಕ ಮುಗಿಸಿದ್ದೇವೆ, ಆಡಿಟ್ ಆಗಿದೆ, ಸಂಬಳ ಏರಿಕೆಯ ಮಾತುಕತೆಗಳೂ ಮುಗಿದಿವೆ. ಕಚೇರಿಯ ನಿಜವಾದ ಗುಣ ಗೊತ್ತಾಗುವುದು ಇಂಥ ದಿನಗಳಲ್ಲೇ.

ನಾನು ಅಕೌಂಟ್ಸ್ ವಿಭಾಗ ನೋಡಿಕೊಳ್ಳುವವಳು. ಡಿಸೈನ್ ಓದಿದವಳಲ್ಲ. ಆದರೆ ಈ ಕೆಲಸ ಮಾಡಿಕೊಟ್ಟ ಕಂಪನಿಯ ಬಿಲ್ಲು, ನಕ್ಷೆ, ಪತ್ರ ಎಲ್ಲವೂ ನನ್ನ ಮೇಜು ದಾಟಿಯೇ ಹೋದವು. ಕಂಪನಿಯ ಹೆಸರು ಬರೆಯುವುದಿಲ್ಲ, ಕೆಲವು ದೂರುಗಳು ಇನ್ನೂ ಬಗೆಹರಿದಿಲ್ಲ. ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಇವರಿಗೆ ಕಣ್ಣು ಚೆನ್ನಾಗಿದೆ, ಕಿವಿ ಸಾಲದು.

ಮೊದಲು ಹಳೆ ಕಚೇರಿ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಕಿಟಕಿಗಳ ಉದ್ದಕ್ಕೂ ಸಾಹೇಬರ ಕ್ಯಾಬಿನ್‌ಗಳು. ನಡುವೆ ಎದೆಯೆತ್ತರದ ಕ್ಯೂಬಿಕಲ್‌ಗಳಲ್ಲಿ ನಾವು. ಹೊರಗೆ ಮಳೆ ಬರುತ್ತಿದೆಯೋ ಬಿಸಿಲಿದೆಯೋ ನಮಗೆ ಗೊತ್ತಾಗುತ್ತಿದ್ದುದು ಯಾರಾದರೂ ಒದ್ದೆ ಕೊಡೆ ಹಿಡಿದು ಒಳಗೆ ಬಂದಾಗ. ಮೂಲೆಯಲ್ಲಿ ಒಂದು ದೊಡ್ಡ ಮೀಟಿಂಗ್ ರೂಮ್. ಅದು ಯಾವಾಗಲೂ ಬುಕ್ ಆಗಿರುತ್ತಿತ್ತು, ಒಳಗೆ ನೋಡಿದರೆ ಇಬ್ಬರು ಕೂತಿರುತ್ತಿದ್ದರು.

ಕಂಪನಿಯವರು ಮೊದಲ ದಿನ ತೋರಿಸಿದ ಸ್ಲೈಡುಗಳಲ್ಲಿ ಕ್ಯೂಬಿಕಲ್‌ಗೆ ಬೈಗುಳವೋ ಬೈಗುಳ. ಸುಮ್ನೆ ಕುತೂಹಲಕ್ಕೆ ಅದರ ಹಿಂದುಮುಂದು ಓದಿದೆ. ರಾಬರ್ಟ್ ಪ್ರಾಪ್ಸ್ಟ್ ಎಂಬಾತ ಅಮೆರಿಕದ ಪೀಠೋಪಕರಣ ಕಂಪನಿ ಹರ್ಮನ್ ಮಿಲ್ಲರ್‌ಗಾಗಿ 1968ರಲ್ಲಿ ಆ್ಯಕ್ಷನ್ ಆಫೀಸ್ 2 ಎಂಬ ವ್ಯವಸ್ಥೆ ತಂದ. ಬೇಕಾದಾಗ ಬಿಚ್ಚಿ, ಬೇಕಾದ ಹಾಗೆ ಜೋಡಿಸಬಹುದಾದ ತೆಳ್ಳನೆಯ ಅಡ್ಡಗೋಡೆಗಳು. ಅವನ ಮನಸ್ಸಿನಲ್ಲಿ ಇದ್ದದ್ದು 120 ಡಿಗ್ರಿಯ ವಿಶಾಲ ಮೂಲೆಗಳು. ಕೊಂಡವರು ಅದನ್ನೇ 90 ಡಿಗ್ರಿಗೆ ಮಡಚಿ ಜಾಸ್ತಿ ಜನರನ್ನು ತುಂಬಿದರು. ಕೊನೆಗಾಲದಲ್ಲಿ ಅವನೇ ಈ ಡಬ್ಬಿಗಳನ್ನು ಹುಚ್ಚುತನ ಅಂತ ಕರೆದ. ಅಂದರೆ ಇವತ್ತು ನಾವು ಕಿತ್ತು ಬಿಸಾಡುತ್ತಿರುವ ವಸ್ತು ಕೂಡ ಒಂದು ಕಾಲದಲ್ಲಿ 'ಫ್ಲೆಕ್ಸಿಬಲ್' ಅಂತಲೇ ಮಾರಾಟವಾದದ್ದು. ಹೊಸ ನಕ್ಷೆ ನೋಡುವಾಗ ಇದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಈಗ ಹೊಗಳಬೇಕಾದದ್ದನ್ನು ಮನಸಾರೆ ಹೊಗಳುತ್ತೇನೆ. ಇವರ ಸೇವೆಯಲ್ಲಿ ಅತ್ಯುತ್ತಮ ಭಾಗ ಒಂದು ಮೊಳೆಯನ್ನೂ ಹೊಡೆಯುವ ಮೊದಲೇ ಮುಗಿದಿತ್ತು. ಇಬ್ಬರು ಹುಡುಗರು ಟ್ಯಾಬ್ ಹಿಡಿದು ಗಂಟೆಗೊಮ್ಮೆ ಕಚೇರಿ ಸುತ್ತುತ್ತಿದ್ದರು. ಯಾವ ಸೀಟು ಖಾಲಿ, ಯಾವುದರಲ್ಲಿ ಜನ ಇದ್ದಾರೆ, ಯಾವುದರಲ್ಲಿ ಬರೀ ಬ್ಯಾಗು ಇದೆ, ಮೀಟಿಂಗ್ ರೂಮಿನಲ್ಲಿ ಎಷ್ಟು ತಲೆ, ಎಲ್ಲ ಬರೆದುಕೊಂಡರು. ನಮ್ಮವರಿಗೆ ಮೊದಮೊದಲು ಕಸಿವಿಸಿ. ಯಾರು ಎಷ್ಟು ಹೊತ್ತು ಸೀಟಲ್ಲಿ ಇರಲ್ಲ ಅಂತ ಮೇಲಿನವರಿಗೆ ವರದಿ ಹೋಗುತ್ತೆ ಅಂತ ಗುಸುಗುಸು. ಆ ಹುಡುಗರಲ್ಲಿ ಒಬ್ಬ ತನ್ನ ಟ್ಯಾಬ್ ತಿರುಗಿಸಿ ತೋರಿಸಿದ. 'ನೋಡಿ ಮೇಡಂ, ಹೆಸರೇ ಇಲ್ಲ, ಬರೀ ಸೀಟಿನ ನಂಬರು.' ಅಲ್ಲಿಗೆ ಗುಸುಗುಸು ನಿಂತಿತು.

ಆ ಲೆಕ್ಕದಿಂದ ಗೊತ್ತಾದದ್ದು ಇಷ್ಟು. ನಮಗೆ ದೊಡ್ಡ ರೂಮು ಬೇಕಿರಲಿಲ್ಲ. ಇಬ್ಬರು ಮೂವರು ಕೂರುವ ಸಣ್ಣ ರೂಮುಗಳು ಬೇಕಿದ್ದವು. ಮಾರಾಟ ವಿಭಾಗದ ಅರ್ಧ ಸೀಟು ಯಾವಾಗಲೂ ಖಾಲಿ, ಯಾಕೆಂದರೆ ಅವರು ಹೊರಗೆ ಓಡಾಡುವವರು. ನಮ್ಮ ಅಕೌಂಟ್ಸ್ ಸೀಟುಗಳು ಬೆಳಗ್ಗೆಯಿಂದ ಸಂಜೆವರೆಗೆ ತುಂಬಿರುತ್ತವೆ. ಇದು ನಮಗೆಲ್ಲ ಗೊತ್ತಿದ್ದದ್ದೇ, ಆದರೆ ಕಾಗದದ ಮೇಲೆ ಅಂಕಿಯಾಗಿ ಬಂದಾಗ ಮಾತ್ರ ಮೇಲಿನವರು ತಲೆಯಾಡಿಸುತ್ತಾರೆ, ಅಲ್ವಾ? ಈ ಹಂತವನ್ನು ಹಾರಿಸಿ ನೇರವಾಗಿ ಸೋಫಾ ಆರಿಸಲು ಕೂರಿಸುವ ಕಂಪನಿ ಸಿಕ್ಕರೆ ಬಾಗಿಲು ತೋರಿಸಿ.

ಕ್ಯಾಬಿನ್‌ಗಳು ಒಳಗಿನ ಗೋಡೆಗೆ ಸರಿದವು, ಕಿಟಕಿಗಳು ಎಲ್ಲರಿಗೂ ಸಿಕ್ಕವು. ಈ ಒಂದು ನಿರ್ಧಾರಕ್ಕೆ ನಾನು ಕಣ್ಣುಮುಚ್ಚಿ ಪೂರ್ತಿ ಅಂಕ ಕೊಡುತ್ತೇನೆ. ಕಿಟಕಿಗೆ ಮುಖ ಮಾಡಿಯೂ ಅಲ್ಲ, ಬೆನ್ನು ಹಾಕಿಯೂ ಅಲ್ಲ, ಪಕ್ಕಕ್ಕೆ ಬರುವಂತೆ ಮೇಜುಗಳನ್ನು ಹಾಕಿದ್ದಾರೆ. ಸ್ಕ್ರೀನಿನ ಮೇಲೆ ಬೆಳಕು ಹೊಡೆಯುವುದಿಲ್ಲ. ಓದುವ ಬರೆಯುವ ಮೇಜಿಗೆ ಸಾಮಾನ್ಯವಾಗಿ 500 ಲಕ್ಸ್ ಬೆಳಕು ಬೇಕು ಅಂತಾರೆ. ದೀಪ ಹಾಕಿದ ಮೇಲೆ ಮೀಟರ್ ತಂದು ಮೇಜು ಮೇಜಿಗೆ ಇಟ್ಟು ಅಳೆದು ತೋರಿಸಿದರು. ಎತ್ತರ ಬದಲಾಯಿಸುವ ಮೇಜುಗಳೂ ಚೆನ್ನಾಗಿವೆ. ಗುಂಡಿ ಒತ್ತಿದರೆ ಏರುತ್ತವೆ, ಇಳಿಯುತ್ತವೆ, ನಮ್ಮ ನಮ್ಮ ಎತ್ತರ ನೆನಪಿಟ್ಟುಕೊಳ್ಳುತ್ತವೆ. ನಿಂತು ಕೆಲಸ ಮಾಡುವವರು ಕೆಲವರೇ, ಆದರೆ ಕುಳ್ಳಗಿರುವವರ ಕಾಲು ಈಗ ನೆಲಕ್ಕೆ ತಾಗುತ್ತಿದೆ. ಅದೇ ಅದರ ದೊಡ್ಡ ಉಪಯೋಗ ಅನ್ನಿಸುತ್ತದೆ ನನಗೆ. ಕುರ್ಚಿ ಬಗ್ಗೆ ದೂರಿಲ್ಲ.

ಚಕ್ರದ ಮೇಜುಗಳ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಚೌಕಟ್ಟಿಗೆ ನಾಲ್ಕು ಚಕ್ರ, ಬ್ರೇಕ್, ಮೇಲಿನ ಹಲಗೆ ಮಡಚಿ ಒಂದಕ್ಕೊಂದು ಒಳಸೇರಿಸಿ ನಿಲ್ಲಿಸಬಹುದು. ತೋರಿಸುವಾಗ ಬಹಳ ಚಂದ. 'ನಿಮ್ಮ ತಂಡಕ್ಕೆ ಬೇಕಾದ ಹಾಗೆ ದಿನಾ ಬದಲಾಯಿಸಿಕೊಳ್ಳಿ' ಅಂದರು. ಬದಲಾಯಿಸಿದೆವು. ಆಮೇಲೆ ಲ್ಯಾಪ್‌ಟಾಪ್ ಚಾರ್ಜರ್ ಕೈಗೆ ತೆಗೆದುಕೊಂಡೆವು. ಆ ಇಡೀ ಜಾಗದಲ್ಲಿ ನೆಲದ ಪ್ಲಗ್ ಪಾಯಿಂಟ್ ಇರುವುದು ಎರಡೇ ಕಡೆ! ಮೇಜು ಎಲ್ಲಿ ಬೇಕಾದರೂ ಹೋಗುತ್ತದೆ, ವಯರು ಹೋಗುವುದಿಲ್ಲ. ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದರೆ ಕಾಲಿಗೆ ತೊಡರುತ್ತದೆ, ಸುರಕ್ಷತೆ ನೋಡಿಕೊಳ್ಳುವವರು ಬಂದು ಕಿತ್ತು ಒಯ್ಯುತ್ತಾರೆ. ಹೀಗಾಗಿ ಚಕ್ರದ ಮೇಜುಗಳೆಲ್ಲ ಆ ಎರಡು ಪ್ಲಗ್‌ಗಳ ಸುತ್ತ, ಕರೆಂಟು ಇರುವ ಕಡೆ ಬೇರುಬಿಟ್ಟಿವೆ. ದೂರು ಕೊಟ್ಟ ಮೇಲೆ ಮೇಲಿನಿಂದ ಇಳಿಬಿಡುವ ಪ್ಲಗ್‌ಗಳನ್ನು ಹಾಕಿಕೊಟ್ಟರು. ಈಗ ಪರವಾಗಿಲ್ಲ. ಕೇಳಿದರೆ, ಮೊದಲ ನಕ್ಷೆಯಲ್ಲೇ ಅವು ಇದ್ದವಂತೆ, ಖರ್ಚು ಕಡಿಮೆ ಮಾಡುವ ಸುತ್ತಿನಲ್ಲಿ ನಮ್ಮ ಆಡಳಿತ ಮಂಡಳಿಯೇ ತೆಗೆಸಿತ್ತಂತೆ. 120 ಡಿಗ್ರಿ 90 ಆಗುವುದು ಹೀಗೇ.

ಇನ್ನು ಸದ್ದಿನ ವಿಷಯ. ಇದನ್ನು ಉದ್ದಕ್ಕೆ ಬರೆಯುತ್ತೇನೆ, ಬೇಸರವಾದರೆ ಕ್ಷಮಿಸಿ, ಆದರೆ ಇಡೀ ಕಚೇರಿಯ ಹಣೆಬರಹ ನಿಂತಿರುವುದೇ ಇದರ ಮೇಲೆ.

ತೆರೆದ ಕಚೇರಿಯಲ್ಲಿ ತೊಂದರೆ ಕೊಡುವುದು ಜೋರು ಸದ್ದಲ್ಲ. ಎಸಿಯ ಗುಂಯ್ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ. ಒಗ್ಗದೇ ಇರುವುದು ಅರ್ಥವಾಗುವ ಮಾತು. ನಾನು ಒಂದು ಮೊತ್ತ ತಾಳೆ ನೋಡುತ್ತಿರುವಾಗ ಪಕ್ಕದಲ್ಲಿ ಯಾರಾದರೂ ಫೋನಿನಲ್ಲಿ 'ನಾಲ್ಕೂವರೆ ಲಕ್ಷ' ಅಂದರೆ ನನ್ನ ತಲೆಯಲ್ಲಿದ್ದ ಅಂಕಿ ಹಾರಿಹೋಯಿತು ಅಂತಲೇ ಲೆಕ್ಕ. ಅಳೆಯುವವರಿಗೂ ಇದು ಗೊತ್ತು. ತೆರೆದ ಕಚೇರಿಯ ಸದ್ದನ್ನು ಅಳೆಯಲು ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ) 3382-3 ಎಂಬ ಮಾನದಂಡವೇ ಇದೆ. ಅದರಲ್ಲಿ ನೋಡುವುದು ಬರೀ ಡೆಸಿಬಲ್ ಅಲ್ಲ, ಒಬ್ಬರು ಮಾತಾಡಿದರೆ ಎಷ್ಟು ದೂರದವರೆಗೆ ಪದಪದವೂ ಅರ್ಥವಾಗಿ ಗಮನ ಕೆಡಿಸುತ್ತದೆ ಅನ್ನುವುದನ್ನೂ ನೋಡುತ್ತಾರೆ. ನಮ್ಮವರು ಬೆಳಕಿಗೆ ಮೀಟರ್ ತಂದರು, ಇದಕ್ಕೆ ತರಲಿಲ್ಲ.

ಕ್ಯಾಬಿನ್ ಗೋಡೆ ಕೆಡವಿ ಗಾಜು ಹಾಕಿದರು. ಮೇಲಿನ ಫಾಲ್ಸ್ ಸೀಲಿಂಗ್ ಕಿತ್ತು, ಪೈಪು ಡಕ್ಟು ಎಲ್ಲ ಕಾಣುವಂತೆ ಕಪ್ಪು ಬಣ್ಣ ಹೊಡೆದರು. ಫೋಟೊದಲ್ಲಿ ಬಹಳ ಚೆನ್ನಾಗಿ ಬರುತ್ತದೆ. ಆದರೆ ಸದ್ದು ಹೀರುವ ಅತಿ ದೊಡ್ಡ ಜಾಗ ಅಂದರೆ ಮೇಲ್ಛಾವಣಿಯೇ. ಅದನ್ನು ಬರೀ ಕಾಂಕ್ರೀಟ್ ಮಾಡಿದರೆ ಮಾತು ಎಲ್ಲಿ ಹೋಗಬೇಕು? ಪುಟಿದು ವಾಪಸ್ಸು ಬರುತ್ತದೆ. ಇದು ಹೊಸ ವಿದ್ಯೆ ಏನೂ ಅಲ್ಲ. ಭೌತವಿಜ್ಞಾನಿ ವ್ಯಾಲೇಸ್ ಸೇಬಿನ್ 1890ರ ದಶಕದಲ್ಲೇ ಹಾರ್ವರ್ಡ್‌ನ ಒಂದು ಪಾಠದ ಹಾಲ್‌ನಲ್ಲಿ ಮೆತ್ತನೆಯ ಸೀಟುದಿಂಬುಗಳನ್ನು ತಂದಿಟ್ಟು, ತೆಗೆದು, ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಅಂತ ಅಳೆದು ಸೂತ್ರ ಬರೆದಿಟ್ಟಿದ್ದಾನೆ. ಮೃದು ವಸ್ತು ಜಾಸ್ತಿಯಾದರೆ ಮೊಳಗು ಕಡಿಮೆ. ಅಷ್ಟೇ.

ಮೂರನೇ ದೂರು ಪತ್ರದ ನಂತರ ಮೇಲಿನಿಂದ ಸದ್ದು ಹೀರುವ, ಮೆತ್ತನೆ ಬಟ್ಟೆಯಂಥ ದಪ್ಪ ಫೆಲ್ಟ್ ಹಲಗೆಗಳನ್ನು ತೂಗುಬಿಟ್ಟರು. ವ್ಯತ್ಯಾಸ ಅವತ್ತೇ ಗೊತ್ತಾಯಿತು. ಮೊದಲೇ ಹಾಕಿದ್ದರೆ ಪತ್ರವೂ ಉಳಿಯುತ್ತಿತ್ತು, ಸಂಬಂಧವೂ ಚೆನ್ನಾಗಿರುತ್ತಿತ್ತು. ಹಾಗಂತ ಹಲಗೆಗಳಿಂದ ಎಲ್ಲ ಸರಿಹೋಗುವುದಿಲ್ಲ. ಮೊಳಗು ಕಡಿಮೆಯಾದಾಗ ದೂರದ ಗದ್ದಲ ಕರಗಿ, ಹತ್ತಿರದ ಮಾತು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ. ಅದಕ್ಕೆ ಕೆಲವು ಕಡೆ ಸ್ಪೀಕರ್‌ಗಳಿಂದ ಸಣ್ಣಗೆ ಗಾಳಿ ಬೀಸಿದಂಥ ಸದ್ದು ಬಿಡುತ್ತಾರೆ, ಸುಮಾರು 45 ಡೆಸಿಬಲ್ ಆಸುಪಾಸು. ನಮ್ಮಲ್ಲಿ ಅದನ್ನು ಹಾಕಿಸಿಲ್ಲ. ಸದ್ದು ಕಡಿಮೆ ಮಾಡಿ ಅಂತ ಬರೆದವರಿಗೆ ಸದ್ದು ಮಾಡುವ ಯಂತ್ರ ಕೊಡುತ್ತೇವೆ ಅಂದರೆ ಯಾರು ಸಹಿ ಹಾಕುತ್ತಾರೆ?

ಇದಕ್ಕಿಂತ ದೊಡ್ಡ ಕಥೆ ಸಣ್ಣ ಮೀಟಿಂಗ್ ರೂಮುಗಳದ್ದು. ಒಳಗಿನ ಗೋಡೆಯ ಆ ಭಾಗದಲ್ಲಿ ಫಾಲ್ಸ್ ಸೀಲಿಂಗ್ ಉಳಿಸಿದ್ದರು. ದಪ್ಪ ಗಾಜು, ಒಳ್ಳೆ ಬಾಗಿಲು, ಬಾಗಿಲಿನ ಕೆಳಗೆ ರಬ್ಬರ್ ಪಟ್ಟಿ. ನೋಡಿದರೆ ಏನೂ ಕೊರತೆಯಿಲ್ಲ. ಸಂಬಳ ಏರಿಕೆಯ ಮಾತುಕತೆ ಶುರುವಾದ ದಿನ ನಾನು ಎರಡನೇ ರೂಮಿನಲ್ಲಿ ಆಡಿಟರ್ ಜೊತೆ ಕೂತಿದ್ದೆ. ಮೊದಲ ರೂಮಿನಲ್ಲಿ ಯಾರಿಗೆ ಎಷ್ಟು, ಯಾಕೆ ಅಷ್ಟೇ ಅನ್ನುವುದೆಲ್ಲ ನಮ್ಮ ತಲೆಯ ಮೇಲಿನಿಂದ ಇಳಿದು ಬರುತ್ತಿತ್ತು. ಪಕ್ಕದಿಂದ ಅಲ್ಲ, ಮೇಲಿನಿಂದ. ಆಡಿಟರ್ ಮರ್ಯಾದಸ್ಥರು, ಜೋರಾಗಿ ಪುಟ ತಿರುಗಿಸುತ್ತಾ ಕೂತರು.

ಸೀಲಿಂಗಿನ ಒಂದು ಹಲಗೆ ಎತ್ತಿ ಟಾರ್ಚ್ ಬಿಟ್ಟು ನೋಡಿಸಿದೆವು. ನಡುವಿನ ಗೋಡೆ ಫಾಲ್ಸ್ ಸೀಲಿಂಗಿನವರೆಗೆ ಬಂದು ಅಲ್ಲಿಗೇ ನಿಂತುಬಿಟ್ಟಿದೆ. ಅದರ ಮೇಲೆ ಸ್ಲ್ಯಾಬಿನವರೆಗೆ ಬರೀ ಖಾಲಿ. ಸೀಲಿಂಗಿನ ಹಲಗೆಗಳು ಹಗುರ, ಮಾತು ಅದನ್ನು ದಾಟಿ ಮೇಲೆ ಹೋಗುತ್ತದೆ, ಖಾಲಿ ಜಾಗದಲ್ಲಿ ಹರಿದು ಪಕ್ಕದ ರೂಮಿಗೆ ಇಳಿಯುತ್ತದೆ. ಗಾಜು ಎಷ್ಟು ದಪ್ಪ ಇದ್ದರೇನು ಪ್ರಯೋಜನ? ಕಂಪನಿಯ ಮ್ಯಾನೇಜರ್ ಅಂದದ್ದು ಹೀಗೆ: 'ಡ್ರಾಯಿಂಗ್‌ನಲ್ಲಿ ಹಾಗೇ ಇದೆ ಮೇಡಂ, ನಿಮ್ಮವರೇ ಅಪ್ರೂವ್ ಮಾಡಿದ್ದಾರೆ.' ಇತ್ತು ನಿಜ. ಮೇಲಿನಿಂದ ನೋಡುವ ನಕ್ಷೆಯಲ್ಲಿ ಗೋಡೆ ಒಂದು ಗೆರೆ, ಅದು ಎಷ್ಟು ಎತ್ತರ ಅಂತ ಗೊತ್ತಾಗುವುದಿಲ್ಲ. ಅಡ್ಡ ಸೀಳಿದಂತೆ ತೋರಿಸುವ ಸೆಕ್ಷನ್ ಡ್ರಾಯಿಂಗ್‌ನಲ್ಲಿ ಅದು ಕಾಣುತ್ತಿತ್ತು. ಆ ಹಾಳೆಯನ್ನು ಬಿಡಿಸಿ ವಿವರಿಸುವುದು ಯಾರ ಕೆಲಸ? ನನ್ನ ಪ್ರಕಾರ ಫೀಸು ತೆಗೆದುಕೊಂಡವರದ್ದು. ಕೊನೆಗೆ ಸ್ಲ್ಯಾಬಿನವರೆಗೆ ಜಿಪ್ಸಮ್ ಬೋರ್ಡ್ ಎತ್ತಿ, ಒಳಗೆ ಖನಿಜ ಉಣ್ಣೆ ತುಂಬಿ, ಡಕ್ಟು ಹಾದುಹೋಗುವ ಸಂದುಗಳನ್ನು ಮುಚ್ಚಿಕೊಟ್ಟರು. ಕೆಲಸ ಅಚ್ಚುಕಟ್ಟಾಗಿತ್ತು, ಅದನ್ನು ಒಪ್ಪಲೇಬೇಕು. ಬಿಲ್ಲಿನಲ್ಲಿ ಅದನ್ನು 'ಹೆಚ್ಚುವರಿ ಕೆಲಸ' ಅಂತ ಹಾಕಿದ್ದಾರೆ. ಆ ಸಾಲಿನ ಮೇಲೆ ನನ್ನ ಕೆಂಪು ಶಾಯಿ ಇನ್ನೂ ಇದೆ.

ಫೋನ್ ಬೂತ್‌ಗಳ ಬಗ್ಗೆ ಒಂದು ಸಲಹೆ. ಮೊದಲ ನಕ್ಷೆಯಲ್ಲಿ ಹೆಚ್ಚೇ ಇದ್ದವು, ಬಂದದ್ದು ಎರಡು. ಒಬ್ಬರು ನಿಂತೋ ಕೂತೋ ಮಾತಾಡುವ ಪೆಟ್ಟಿಗೆ ಅದು. 'ಸೌಂಡ್‌ಪ್ರೂಫ್' ಅಂತ ಎಲ್ಲರೂ ಹೇಳುತ್ತಾರೆ. ಆ ಮಾತಿಗೆ ಅರ್ಥವಿಲ್ಲ. ಐಎಸ್‌ಒ 23351-1 ಪ್ರಕಾರ ಪರೀಕ್ಷೆ ಆಗಿದೆಯಾ, ಯಾವ ದರ್ಜೆ ಅಂತ ಕೇಳಿ. ಒಳಗಿನ ಮಾತು ಹೊರಗೆ ಬರುವಾಗ ಎಷ್ಟು ಡೆಸಿಬಲ್ ತಗ್ಗುತ್ತದೆ ಅನ್ನುವುದರ ಮೇಲೆ ಎ, ಬಿ, ಸಿ ಅಂತ ದರ್ಜೆ ಕೊಡುತ್ತಾರೆ. 30 ಡೆಸಿಬಲ್ ಹತ್ತಿರ ತಗ್ಗಿದರೆ ಹೊರಗಿನವರಿಗೆ ಗೊಣಗಾಟ ಕೇಳೀತು, ಪದ ಕೇಳುವುದಿಲ್ಲ. 15ರಷ್ಟು ಮಾತ್ರ ತಗ್ಗಿದರೆ ಅದು ಬೂತ್ ಅಲ್ಲ, ಬೀರು. ನಮ್ಮ ಎರಡರಲ್ಲಿ ಫ್ಯಾನ್ ಚೆನ್ನಾಗಿದೆ, ಒಳಗೆ ಉಸಿರು ಕಟ್ಟುವುದಿಲ್ಲ. ಆದರೆ ಎರಡೇ ಇರುವುದರಿಂದ ಮಧ್ಯಾಹ್ನದ ಹೊತ್ತಿಗೆ ಅವುಗಳ ಮುಂದೆ ಲ್ಯಾಪ್‌ಟಾಪ್ ಅಪ್ಪಿಕೊಂಡು ನಿಂತವರ ಸಾಲು.

ಜನ ಜಾಸ್ತಿ ಮಾತಾಡುತ್ತಾರೆ, ಸಹಕಾರ ಬೆಳೆಯುತ್ತದೆ ಅಂತ ಸ್ಲೈಡಿನಲ್ಲಿ ಇತ್ತಲ್ಲ, ಅದೇನಾಯಿತು? ಹಾರ್ವರ್ಡ್‌ನ ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ತಣ್ಣೀರು ಎರಚುತ್ತದೆ. ಎರಡು ದೊಡ್ಡ ಕಂಪನಿಗಳು ತೆರೆದ ಕಚೇರಿಗೆ ಬದಲಾದಾಗ, ಸಿಬ್ಬಂದಿಯ ಕೊರಳಿಗೆ ಸೆನ್ಸರ್ ಹಾಕಿ ಅಳೆದರು. ಮುಖಾಮುಖಿ ಮಾತು ಸುಮಾರು 70% ಕುಸಿದಿತ್ತು, ಇಮೇಲ್ ಏರಿತ್ತು. ನಮ್ಮಲ್ಲೂ ಮೊದಲ ತಿಂಗಳುಗಳಲ್ಲಿ ಅದೇ. ಎಲ್ಲರ ಕಿವಿಯಲ್ಲೂ ಹೆಡ್‌ಫೋನ್. ಎದುರಿಗೆ ಕೂತ ಹುಡುಗಿ 'ಮೇಡಂ, ಫ್ರೀ ಇದ್ದೀರಾ?' ಅಂತ ನನಗೆ ಮೆಸೇಜ್ ಕಳಿಸುತ್ತಿದ್ದಳು. ಎಲ್ಲರೂ ನೋಡುತ್ತಿರುವಾಗ ಜೋರಾಗಿ ಕೇಳಲು ಸಂಕೋಚ.

ಮಾತು ಮತ್ತೆ ಶುರುವಾದದ್ದು ಫೆಲ್ಟ್ ಹಲಗೆ ಬಂದು, ಸಣ್ಣ ರೂಮುಗಳ ಬಾಯಿ ಮುಚ್ಚಿದ ಮೇಲೆ. ಹೋಗಿ ಮುಚ್ಚಿಕೊಳ್ಳಲು ಒಂದು ಬಾಗಿಲು ಇದೆ ಅಂತ ಗೊತ್ತಿದ್ದರೆ ಮಾತ್ರ ಜನ ಬಯಲಲ್ಲಿ ಧೈರ್ಯವಾಗಿ ಕೂರುತ್ತಾರೆ. ಇನ್ನೊಂದು ಕಾರಣ ಪ್ರಿಂಟರ್ ಪಕ್ಕದ ಎತ್ತರದ ಮೇಜು. ಕುರ್ಚಿ ಇಲ್ಲ, ನಿಂತೇ ಮಾತಾಡಬೇಕು. ಮಾರಾಟ ವಿಭಾಗದವರು ಈಗ ನಮ್ಮ ಪಕ್ಕದಲ್ಲೇ ಇರುವುದರಿಂದ, ಬಿಲ್ಲಿನಲ್ಲಿ ವ್ಯತ್ಯಾಸ ಬಂದರೆ ಕಾಗದ ಹಿಡಿದು ಅಲ್ಲಿಗೆ ಬರುತ್ತಾರೆ. ಮೊದಲು ವಾರಗಟ್ಟಲೆ ಮೇಲ್ ಓಡಾಡುತ್ತಿದ್ದದ್ದು ಈಗ ನಿಂತ ನಿಲುವಿನಲ್ಲೇ ಮುಗಿಯುತ್ತದೆ. ಎಂಐಟಿಯ ಥಾಮಸ್ ಅಲೆನ್ 1970ರ ದಶಕದಲ್ಲೇ ತೋರಿಸಿದ್ದ, ಸೀಟುಗಳ ನಡುವಿನ ದೂರ ಹೆಚ್ಚಿದ ಹಾಗೆ ಕೆಲಸದ ಮಾತು ಸರ್ರನೆ ಇಳಿಯುತ್ತದೆ ಅಂತ. ಯಾರನ್ನು ಯಾರ ಪಕ್ಕ ಕೂರಿಸಬೇಕು ಅನ್ನುವ ವಿಷಯದಲ್ಲಿ ಇವರು ಕೊಟ್ಟ ಸಲಹೆ ನಿಜಕ್ಕೂ ಕೆಲಸ ಮಾಡಿದೆ. ಸೋಫಾಗಳು ಮಾಡಿಲ್ಲ. ಅವು ಫೋಟೊಗೆ ಇವೆ.

ಸೀಟು ಯಾರದ್ದೂ ಅಲ್ಲ ಅನ್ನುವ ಹಾಟ್ ಡೆಸ್ಕ್ ವ್ಯವಸ್ಥೆ ಮಾರಾಟದವರಿಗೆ ಸರಿಹೋಗಿದೆ. ಅಕೌಂಟ್ಸ್‌ಗೆ ಬೇಡ ಅಂತ ನಾನು ಹಟ ಹಿಡಿದೆ, ಆ ಸೀಟು ಎಣಿಸಿದ ಅಂಕಿಗಳನ್ನೇ ಮುಂದಿಟ್ಟೆ, ಅವರು ತಕರಾರಿಲ್ಲದೆ ಒಪ್ಪಿದರು. ನಮಗೆ ಎರಡೆರಡು ಮಾನಿಟರು, ಖಾಯಂ ಸೀಟು. ಚಯಟ್/ಡೇ ಎಂಬ ಜಾಹೀರಾತು ಕಂಪನಿ 1990ರ ದಶಕದಲ್ಲಿ ಎಲ್ಲರ ಸೀಟನ್ನೂ ಕಿತ್ತುಕೊಂಡು ಲಾಕರ್ ಕೊಟ್ಟು, ಜನ ಬೆಳಗ್ಗೆ ಫೋನು ಲ್ಯಾಪ್‌ಟಾಪಿಗೆ ಕ್ಯೂ ನಿಂತು, ಕೆಲವೇ ವರ್ಷಗಳಲ್ಲಿ ಪ್ರಯೋಗವನ್ನೇ ಕೈಬಿಟ್ಟಿತು. ಲಾಕರ್ ಸಾಲದು ಅನ್ನುವುದೂ ಅಲ್ಲಿನ ಒಂದು ಗೋಳಾಗಿತ್ತು.

ಆ ಗೋಳು ನಮ್ಮಲ್ಲೂ ತಪ್ಪಲಿಲ್ಲ. ಲಾಕರ್ ಬಾಗಿಲು ಮೃದುವಾಗಿ ಮುಚ್ಚುತ್ತದೆ, ಕೋಡ್ ಒತ್ತಿದರೆ ತೆರೆಯುತ್ತದೆ, ಎಲ್ಲ ಸರಿ. ಒಂದು ಬಾಕ್ಸ್ ಫೈಲು ನೆಟ್ಟಗೆ ನಿಲ್ಲುವುದಿಲ್ಲ! ಹಲಗೆಗೆ ಹಲಗೆಗೆ ನಡುವೆ ಬೆರಳಗಲ ಕಮ್ಮಿ. ಮಲಗಿಸಿದರೆ ಹೆಸರು ಬರೆದ ಬೆನ್ನು ಒಳಗೆ ಹೋಗುತ್ತದೆ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು, ಹಳೆ ಡ್ರಾಯರಿನಲ್ಲಿ ಸೀಲು, ಇಂಕ್ ಪ್ಯಾಡು, ಹೆಚ್ಚುವರಿ ಕನ್ನಡಕ, ಸೂಜಿದಾರ ಎಲ್ಲ ಇಟ್ಟುಕೊಂಡವರು, ಲಾಕರ್ ನೋಡಿ 'ಇದರಲ್ಲಿ ನಾನು ಏನು ಇಡ್ಲಿ, ರಾಜೀನಾಮೆ ಪತ್ರಾನಾ?' ಅಂದರು. ಅವರಿಗೆ ಚಕ್ರದ ಸಣ್ಣ ಡ್ರಾಯರ್ ಪೆಟ್ಟಿಗೆಯೊಂದನ್ನು ಹಟ ಮಾಡಿ ತರಿಸಿಕೊಟ್ಟೆವು. ಈಗ ಇಡೀ ಮಹಡಿಗೆ ಸೂಜಿದಾರ ಅಲ್ಲಿಂದಲೇ ಸರಬರಾಜು.

ಎಸಿಯದ್ದು ಒಂದು ತಮಾಷೆ. ಗೋಡೆ ಕೆಡವಿದರು, ಡಕ್ಟು ಸರಿಸಿದರು, ಹಳೆ ದೊಡ್ಡ ಕ್ಯಾಬಿನ್ನಿನ ಥರ್ಮೋಸ್ಟ್ಯಾಟ್ (ಬಿಸಿ ನೋಡಿ ಎಸಿಯನ್ನು ನಡೆಸುವ ಸಾಧನ) ಅನ್ನು ಮಾತ್ರ ಕಂಬದ ಮೇಲೆ ಇದ್ದಲ್ಲೇ ಬಿಟ್ಟರು. ಈಗ ಆ ಜಾಗದಲ್ಲಿ ಪ್ರಿಂಟರ್‌ಗಳಿವೆ. ತಿಂಗಳ ಕೊನೆಗೆ ನಾವು ರಾಶಿ ರಾಶಿ ಪ್ರಿಂಟ್ ತೆಗೆದಾಗ ಆ ಮೂಲೆ ಬಿಸಿಯಾಗುತ್ತದೆ. ಥರ್ಮೋಸ್ಟ್ಯಾಟ್ ಇಡೀ ಮಹಡಿಯೇ ಬಿಸಿ ಅಂದುಕೊಳ್ಳುತ್ತದೆ. ಕಿಟಕಿ ಪಕ್ಕದವರು ಶಾಲು ಹೊದೆಯುತ್ತಾರೆ. ತುಂಬ ದಿನ ಯಾರಿಗೂ ಕಾರಣ ಹೊಳೆಯಲಿಲ್ಲ. ಕೊನೆಗೆ ಪತ್ತೆ ಮಾಡಿದ್ದು ಕಂಪನಿಯ ಎಂಜಿನಿಯರ್ ಅಲ್ಲ, ನಮ್ಮ ಎಲೆಕ್ಟ್ರಿಷಿಯನ್.

ಬರೆಯುವ ಗೋಡೆ ಚೆನ್ನಾಗಿದೆ, ಆದರೆ ಬರೆದದ್ದನ್ನು ದಿನಗಟ್ಟಲೆ ಬಿಟ್ಟರೆ ಗುರುತು ಉಳಿಯುತ್ತದೆ. ಕಾರ್ಪೆಟ್ ಚೌಕಚೌಕವಾಗಿ ಬರುವಂಥದ್ದು, ಶಾಯಿ ಚೆಲ್ಲಿದಾಗ ಒಂದೇ ಚೌಕ ಬದಲಾಯಿಸಿದೆವು.

ಕೆಲಸ ಮುಗಿದ ಮೇಲಿನ ಸೇವೆಗೆ ಮೆಚ್ಚುಗೆ ಇದೆ. ಫೋನ್ ಎತ್ತುತ್ತಾರೆ, ಜನ ಕಳಿಸುತ್ತಾರೆ, ಮುಖ ತಪ್ಪಿಸುವುದಿಲ್ಲ. ಕೆಲವು ತಿಂಗಳ ನಂತರ ಅವರೇ ಬಂದು ಮತ್ತೆ ಸೀಟು ಎಣಿಸಿ, ಎಲ್ಲರಿಗೂ ಪ್ರಶ್ನೆಪತ್ರ ಹಂಚಿದರು. ಅದರಲ್ಲಿ ಬೆಳಕಿನ ಬಗ್ಗೆ, ಕುರ್ಚಿ ಬಗ್ಗೆ, ಬಣ್ಣದ ಬಗ್ಗೆ ಪ್ರಶ್ನೆಗಳಿದ್ದವು. ಸದ್ದಿನ ಬಗ್ಗೆ ಒಂದೂ ಇರಲಿಲ್ಲ. ನಮ್ಮವರು ಕೊನೆಯ 'ಇತರೆ' ಕಾಲಂ ತುಂಬಿಸಿ, ಹಿಂಬದಿಗೂ ಬರೆದು ಕೊಟ್ಟರು.

ಒಟ್ಟು ಐದಕ್ಕೆ ಮೂರೂವರೆ. ಮೇಲಿನ ಮಹಡಿಯ ಕೆಲಸವನ್ನೂ ಇವರಿಗೇ ಕೊಡುವ ಮಾತು ನಡೆದಿದೆ, ನಾನು ಬೇಡ ಅಂದಿಲ್ಲ. ಕರಡು ಒಪ್ಪಂದ ನನ್ನ ಹತ್ತಿರವೇ ಇದೆ, ಅದಕ್ಕೆ ಮೂರು ಷರತ್ತು ಸೇರಿಸಿದ್ದೇನೆ. ಎಲ್ಲ ಗೋಡೆಗಳ ಸೆಕ್ಷನ್ ಡ್ರಾಯಿಂಗ್ ಅನ್ನು ಸಹಿಗೆ ಮೊದಲು ಕೂತು ವಿವರಿಸಬೇಕು. ಸದ್ದಿನ ಅಳತೆಯನ್ನು ನಾವು ಬೇರೆಯಾಗಿ ಕರೆಸುವ ತಜ್ಞರು ಮಾಡುತ್ತಾರೆ, ಅದು ಪಾಸಾದ ಮೇಲೆ ಕೊನೆಯ ಕಂತು. ಹಳೆ ಥರ್ಮೋಸ್ಟ್ಯಾಟ್‌ಗಳು ಎಲ್ಲೆಲ್ಲಿವೆ, ಎಲ್ಲಿಗೆ ಹೋಗುತ್ತವೆ ಅನ್ನುವ ಪಟ್ಟಿ ಮೊದಲ ದಿನವೇ ಬೇಕು. ಮೊದಲ ಮತ್ತು ಮೂರನೆಯದಕ್ಕೆ ಒಪ್ಪಿದ್ದಾರೆ. ಎರಡನೆಯದರ ಬಗ್ಗೆ 'ಒಳಗೆ ಕೇಳಿ ಹೇಳ್ತೀವಿ ಮೇಡಂ' ಅಂದಿದ್ದಾರೆ.